ಎಂಪಿಎಚ್: ಎಷ್ಟು ದಿನ ತರಗತಿಯಲ್ಲಿ, ಎಷ್ಟು ದಿನ ಊರಿನಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಕಳೆದ ತಿಂಗಳು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯ ಬಗ್ಗೆ, ಅಂದರೆ ಈಗ ಎಲ್ಲರೂ ಎಂಪಿಎಚ್ ಎಂದು ಕರೆಯುವ ಓದಿನ ಬಗ್ಗೆ, ಪ್ರಕಟವಾದ ಲೇಖನವನ್ನು ನಮ್ಮ ಮನೆಯಲ್ಲಿ ಮೂವರು ಓದಿದೆವು. ಅವರಲ್ಲಿ ಒಬ್ಬಳು ಅದನ್ನು ಕತ್ತರಿಸಿ ಡೈರಿಯೊಳಗೆ ಇಟ್ಟುಕೊಂಡಿದ್ದಾಳೆ. ಆಕೆ ನನ್ನ ತಮ್ಮನ ಮಗಳು. ದಾವಣಗೆರೆಯಲ್ಲಿಯೇ ದಂತ ವೈದ್ಯಕೀಯ ಪದವಿ ಮುಗಿಸಿ, ಒಂದೂವರೆ ವರ್ಷ ಚಿತ್ರದುರ್ಗದ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡಿ, ಈಗ ಎಂಪಿಎಚ್ ಓದಬೇಕೆಂದು ಹೊರಟಿದ್ದಾಳೆ. ಲೇಖನದಲ್ಲಿ ಸಂಸ್ಥೆಗಳ ಹೆಸರಿದ್ದವು, ಪ್ರವೇಶ ಪರೀಕ್ಷೆಯ ವಿವರವಿತ್ತು, ವಿದೇಶದ ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಇತ್ತು. ಆದರೆ ಆ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಎಷ್ಟು ದಿನ ಜನರ ನಡುವೆ ಇದ್ದು ಕಲಿಯುತ್ತಾನೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಮೂವತ್ತೆರಡು ವರ್ಷ ಆರೋಗ್ಯ ಇಲಾಖೆಯಲ್ಲಿ ಊರೂರು ತಿರುಗಿದ ನನಗೆ ಈ ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ತಿಳಿಗೊಳಿಸಬೇಕು. ಹುಡುಗಿ ಎಂಪಿಎಚ್ ಓದುತ್ತಾಳಂತೆ ಎಂದ ಕೂಡಲೇ ನಮ್ಮ ನೆಂಟರಿಷ್ಟರು ಕೇಳಿದ್ದು ‘ಹಂಗಾರೆ ಎಂಡಿ ಆದಂಗೇನು?’ ಎಂದು. ಅಲ್ಲ. ಸಮುದಾಯ ವೈದ್ಯಶಾಸ್ತ್ರದ ಎಂಡಿ ಮೂರು ವರ್ಷದ್ದು. ಎಂಬಿಬಿಎಸ್ ಆದವರು ನೀಟ್ ಪಿಜಿ ಬರೆದು ಸೇರುವಂಥದ್ದು. ಎಂಪಿಎಚ್ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಎರಡು ವರ್ಷದ್ದು. ದಂತ ವೈದ್ಯರು, ಆಯುರ್ವೇದ ಓದಿದವರು, ನರ್ಸಿಂಗ್ ಪದವೀಧರರು, ಹಲವು ಕಡೆ ವಿಜ್ಞಾನ ಹಾಗೂ ಸಮಾಜವಿಜ್ಞಾನದ ಪದವೀಧರರು ಕೂಡ ಸೇರಬಹುದು. ಇದನ್ನು ಓದಿದವರು ರೋಗಿಯ ನಾಡಿ ಹಿಡಿಯುವುದಿಲ್ಲ, ಊರಿನ ನಾಡಿ ಹಿಡಿಯಬೇಕು. ಎಂಡಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಗಾ ಇರುವಂತೆ ಎಂಪಿಎಚ್‌ಗೆಂದೇ ಮೀಸಲಾದ ಒಂದು ಪರಿಷತ್ತು ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾದರಿ ಪಠ್ಯಕ್ರಮವನ್ನು ಹೊರತಂದಿದೆಯಾದರೂ ಆಯಾ ವಿಶ್ವವಿದ್ಯಾಲಯ ತನಗೆ ತೋಚಿದಂತೆ ಪಾಠವನ್ನು ರೂಪಿಸಿಕೊಂಡಿದೆ. ಹೀಗಾಗಿ ಪದವಿಯ ಹೆಸರು ಒಂದೇ ಇದ್ದರೂ ಒಂದು ಕಡೆ ಓದಿದವನಿಗೂ ಇನ್ನೊಂದು ಕಡೆ ಓದಿದವನಿಗೂ ಅಜಗಜಾಂತರ ಇರಬಹುದು.

ನನ್ನ ತಮ್ಮನ ಮಗಳಿಗೆ ಈ ಓದಿನ ಗೀಳು ಹತ್ತಿದ್ದು ಹೇಗೆಂದು ಹೇಳಿದರೆ ನನ್ನ ಮಾತು ಸ್ಪಷ್ಟವಾದೀತು. ಆಕೆಯ ಕ್ಲಿನಿಕ್ಕಿಗೆ ಮೊಳಕಾಲ್ಮುರು ಕಡೆಯಿಂದ ತಾಯಿಯೊಬ್ಬರು ಹದಿನಾರರ ಮಗಳನ್ನು ಕರೆತಂದಿದ್ದರಂತೆ. ಹುಡುಗಿ ಮಾತನಾಡುವಾಗಲೆಲ್ಲ ಸೆರಗಿನಂತೆ ದುಪಟ್ಟಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿ ದೀಪ ಹಾಕಿ ನೋಡಿದರೆ ಮುಂದಿನ ನಾಲ್ಕೂ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು, ಅಲ್ಲಲ್ಲಿ ಸುಣ್ಣದಂಥ ಬಿಳಿ ಮಚ್ಚೆ. ‘ಉಜ್ಜಿ ಉಜ್ಜಿ ಸಾಕಾತು ಡಾಕ್ಟ್ರೇ, ಹೋಗವಲ್ದು’ ಎಂದರಂತೆ ತಾಯಿ. ಉಜ್ಜಿದರೆ ಹೋಗುವ ಕಲೆ ಅದಲ್ಲ. ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿದ್ದ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡ್ ಬರೆದ ಗೆರೆ. ಮೇಲ್ಪದರವನ್ನು ತಿದ್ದಿ, ಬಣ್ಣ ಹೊಂದಿಸಿ ಕಳಿಸಿದ್ದಾಯಿತು. ಮುಂದಿನ ತಿಂಗಳು ಅದೇ ಊರಿನಿಂದ ಇನ್ನಿಬ್ಬರು ಬಂದರು. ಆಗ ಈಕೆ ಕೇಳಿದ ಪ್ರಶ್ನೆ, ‘ನಿಮ್ಮೂರಾಗೆ ಯಾವ ಬೋರಿನ ನೀರು ಕುಡೀತೀರಿ?’ ಎಂಬುದು. ಅದನ್ನು ಆಕೆಯ ಕ್ಲಿನಿಕ್ಕಿನಲ್ಲಿ ಯಾರೂ ಕೇಳುವ ವಾಡಿಕೆ ಇರಲಿಲ್ಲ. ಆ ಪ್ರಶ್ನೆ ಹುಟ್ಟಿದ ದಿನವೇ ಆಕೆ ಅರ್ಧ ಎಂಪಿಎಚ್ ಮಾಡಿದಂತಾಯಿತು ಎಂದು ನಾನು ತಮಾಷೆ ಮಾಡುವುದುಂಟು.

ಚಿತ್ರದುರ್ಗ ಜಿಲ್ಲೆಯ ಬಯಲು ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಬೋರು ಆಳಕ್ಕೆ ಇಳಿದಷ್ಟೂ ಕಲ್ಲಿನೊಳಗೆ ಬಹುಕಾಲ ನಿಂತ ನೀರು ಬರುತ್ತದೆ, ಅದರ ಜೊತೆಗೆ ಕಲ್ಲಿನ ಫ್ಲೋರೈಡೂ ಬರುತ್ತದೆ. ನೀರು ಕಾಯಿಸಿ ಕುಡಿಯಿರಿ ಎಂದು ಎಲ್ಲದಕ್ಕೂ ಹೇಳುವ ನಮ್ಮ ಉಪದೇಶ ಇಲ್ಲಿ ತಿರುಗುಬಾಣವಾಗುತ್ತದೆ. ಕಾಯಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ನಾನೂ ಸೇವೆಯ ಮೊದಲ ದಿನಗಳಲ್ಲಿ ಈ ತಪ್ಪು ಉಪದೇಶ ಮಾಡಿದವನೇ.

ಇನ್ನು ಪಠ್ಯಪುಸ್ತಕದ ಕಡೆ ನೋಡೋಣ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿನವರ ಹಲ್ಲಿನ ಕಂದು ಕಲೆಯನ್ನು ಕಂಡು, ಕಾರಣ ಹುಡುಕುತ್ತ ಊರೂರು ಅಲೆದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಿದ್ದು 1931ರಲ್ಲಿ, ಅಂದರೆ ಮೂವತ್ತು ವರ್ಷದ ಮೇಲೆ. ನಮ್ಮ ದೇಶದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ರೋಗ, ವರದಿಯಾದದ್ದು 1937ರಲ್ಲಿ. ಮುಂದೆ ಅಮೆರಿಕದ ಕಥೆ ಬೇರೆ ದಾರಿ ಹಿಡಿಯಿತು: ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆಂದು ಕಂಡುಕೊಂಡು 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲು ಶುರುಮಾಡಿದರು. ಅಲ್ಲಿನ ಎಷ್ಟೋ ಊರುಗಳಲ್ಲಿ ಅದು ಇಂದಿಗೂ ನಡೆದಿದೆ. 2015ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಹೀಗಾಗಿ ಅಮೆರಿಕದ ತರಗತಿಯಲ್ಲಿ ಫ್ಲೋರೈಡ್ ಎಂದರೆ ನೀರಿಗೆ ಎಷ್ಟು ಬೆರೆಸಬೇಕು ಎಂಬ ಚರ್ಚೆ. ನಮ್ಮ ಮೊಳಕಾಲ್ಮುರಿನಲ್ಲಿ ಅದನ್ನು ನೀರಿನಿಂದ ತೆಗೆಯುವುದು ಹೇಗೆಂಬ ಚಿಂತೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕಿಳಿಸುವ, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನ ಅಲ್ಲಿನ ವಿದ್ಯಾರ್ಥಿಗೆ ಹೆಚ್ಚೆಂದರೆ ಅಡಿಟಿಪ್ಪಣಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಫಿಲ್ಟರ್ ಬದಲಿಸುವ ದುಡ್ಡು ಯಾವ ಬಾಬ್ತಿನಿಂದ ಬರಬೇಕು, ಐದು ರೂಪಾಯಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳಲಾಗದವರು ಯಾವ ನೀರು ಕುಡಿಯುತ್ತಾರೆ ಎಂಬ ಪ್ರಶ್ನೆಗಳಂತೂ ಅಲ್ಲಿ ಹುಟ್ಟುವುದೇ ಇಲ್ಲ.

ವಿದೇಶದ ಓದು ನಿರರ್ಥಕವೆಂದು ನಾನು ಹೇಳುತ್ತಿಲ್ಲ. 1899ರಲ್ಲಿ ಶುರುವಾದ ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಸ್ತ್ರ ಶಾಲೆಗೋ 1916ರಲ್ಲಿ ಸ್ಥಾಪನೆಯಾದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಾರ್ವಜನಿಕ ಆರೋಗ್ಯ ಶಾಲೆಗೋ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಸಂಖ್ಯಾಶಾಸ್ತ್ರವನ್ನು, ರೋಗದ ಹರಡುವಿಕೆಯನ್ನು ಲೆಕ್ಕ ಹಾಕುವ ವಿದ್ಯೆಯನ್ನು ಅಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಲೆಕ್ಕ ಎಲ್ಲಿ ಕಲಿತರೂ ಲೆಕ್ಕವೇ. ಸಂಶೋಧನೆಯಲ್ಲೇ ಬದುಕು ಕಟ್ಟಿಕೊಳ್ಳುವವರಿಗೆ, ವಿದ್ಯಾರ್ಥಿವೇತನ ಪಡೆದವರಿಗೆ ಆ ದಾರಿ ಒಳ್ಳೆಯದೇ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆಂದು ‘ಪ್ರಬುದ್ಧ’ ಯೋಜನೆಯಡಿ ವಿದೇಶ ವ್ಯಾಸಂಗಕ್ಕೆ ನೆರವು ನೀಡುತ್ತದೆ ಎಂಬುದು ನಮ್ಮ ಹಳ್ಳಿಯ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ನನ್ನ ತಕರಾರು ಇರುವುದು ಸಾಲ ಮಾಡಿ ಹೋಗುವವರ ವಿಷಯದಲ್ಲಿ.

ಊರಿನ ಕೆಲಸವೆಂದರೇನು ಎಂಬುದನ್ನೂ ಒಂದಿಷ್ಟು ಬಿಡಿಸಿ ಹೇಳಬೇಕು. ಏಕೆಂದರೆ ಎಲ್ಲ ಸಂಸ್ಥೆಗಳ ಕೈಪಿಡಿಯಲ್ಲೂ ‘ಕ್ಷೇತ್ರಕಾರ್ಯ’ ಎಂಬ ಪದ ಇದ್ದೇ ಇರುತ್ತದೆ. ನಾನು ಕೆಲಸ ಮಾಡುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಸಲ ಸಂಸ್ಥೆಯೊಂದರ ವಿದ್ಯಾರ್ಥಿಗಳು ವ್ಯಾನಿನಲ್ಲಿ ಬಂದರು. ಹತ್ತೂವರೆಗೆ ಇಳಿದರು, ಓವರ್‌ಹೆಡ್ ಟ್ಯಾಂಕಿನ ಮುಂದೆ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರು, ಅಂಗನವಾಡಿಯಲ್ಲಿ ಕೈ ತೊಳೆಯುವ ವಿಧಾನ ತೋರಿಸಿದರು, ನನ್ನಿಂದ ಹದಿನೈದು ದಿನದ ಹಾಜರಾತಿಗೆ ಸಹಿ ಕೇಳಿದರು. ನಾನು ಒಂದೇ ದಿನದ್ದಕ್ಕೆ ಸಹಿ ಹಾಕಿದ್ದಕ್ಕೆ ಜೊತೆಯಲ್ಲಿದ್ದ ಉಪನ್ಯಾಸಕರು ಮುಖ ದಪ್ಪಗೆ ಮಾಡಿಕೊಂಡು ಹೋದರು. ಅದಾದ ಎರಡು ವರ್ಷಕ್ಕೆ ಬೇರೊಂದು ಕಡೆಯಿಂದ ಮೂವರು ಬಂದು ಒಂದು ತಿಂಗಳು ಉಪಕೇಂದ್ರದ ಖಾಲಿ ಕ್ವಾರ್ಟರ್ಸಿನಲ್ಲಿ ಉಳಿದರು. ಆ ಹೊತ್ತಿಗೆ ಊರಿನಲ್ಲಿ ವಾಂತಿಭೇದಿ ಶುರುವಾಗಿತ್ತು. ಟ್ಯಾಂಕಿನ ನೀರನ್ನು ನಾನು ಕ್ಲೋರೊಸ್ಕೋಪಿನಲ್ಲಿ ನೋಡಿದ್ದೆ. ದ್ರಾವಣದ ಹನಿ ಬಿದ್ದೊಡನೆ ನೀರು ಹಳದಿಯಾಗಿತ್ತು, ಕ್ಲೋರಿನ್ ಇದೆ ಎಂದು ಬರೆದುಕೊಂಡು ನಿಶ್ಚಿಂತೆಯಿಂದ ಇದ್ದೆ. ಆ ಮೂವರಲ್ಲಿ ಒಬ್ಬ ಹುಡುಗಿ ಕೇರಿಕೇರಿಯ ಮನೆ ಎಣಿಸಿ, ಯಾವ ಮನೆಯಲ್ಲಿ ಯಾವ ದಿನ ಭೇದಿ ಹತ್ತಿತು ಎಂದು ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಚುಕ್ಕಿಗಳೆಲ್ಲ ಊರ ಹಿಂದಿನ ಕೇರಿಯಲ್ಲೇ ಗುಂಪುಗೂಡಿದ್ದವು. ಬೆಳಿಗ್ಗೆ ಆರಕ್ಕೆ ನೀರುಗಂಟಿಯ ಜೊತೆ ಹೋಗಿ ಕೊನೆಯ ನಲ್ಲಿಯ ನೀರನ್ನು ಹಿಡಿದು ನೋಡಿದರೆ ಹಳದಿ ಬಣ್ಣದ ಸುಳಿವೇ ಇಲ್ಲ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮ ನನಗೆ ಬಾಯಿಪಾಠವಿತ್ತು, ಆದರೆ ಕೊನೆಯ ನಲ್ಲಿಯವರೆಗೆ ನಾನು ನಡೆದಿರಲಿಲ್ಲ. ಎಚ್‌ಟುಎಸ್ ಬಾಟಲಿಯಲ್ಲಿ ತುಂಬಿಟ್ಟ ನೀರು ಮರುದಿನ ಇದ್ದಿಲಿನಂತೆ ಕಪ್ಪಾಗಿತ್ತು, ಅಂದರೆ ನೀರಿಗೆ ಕೊಳಚೆ ಸೇರಿತ್ತು. ಚರಂಡಿಯ ಕೆಳಗೆ ಹಾದ ಪೈಪು ಕೂಡಿಕೆಯಲ್ಲಿ ಬಿಟ್ಟುಕೊಂಡಿತ್ತು. ಪೈಪು ಬದಲಾದ ಮೇಲೆ ಭೇದಿ ನಿಂತಿತು. ಮೂರು ದಶಕದ ಅನುಭವವಿದ್ದ ನಾನು ಆ ಹುಡುಗಿಯಿಂದ ಕಲಿತೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ವ್ಯಾನಿನವರ ಮತ್ತು ಈ ಮೂವರ ಪ್ರಮಾಣಪತ್ರದಲ್ಲಿ ಪದವಿಯ ಹೆಸರು ಒಂದೇ, ಎಂಪಿಎಚ್. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ನಮ್ಮ ಜಿಲ್ಲೆಗಳಿಗೆ ಬೇಕಾಗಿದ್ದವರು ಯಾವ ಬಗೆಯವರು ಎಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮೊದಲು ಸಂಸ್ಥೆಗೆ ನೇರವಾಗಿ ಬರೆದು ಕೇಳಬೇಕು: ಕ್ಷೇತ್ರಕಾರ್ಯ ಒಟ್ಟು ಎಷ್ಟು ವಾರ, ಅದು ಯಾವ ತಾಲ್ಲೂಕಿನಲ್ಲಿ, ವಿದ್ಯಾರ್ಥಿ ಅಲ್ಲಿ ಉಳಿಯುತ್ತಾನೋ ಸಂಜೆಗೆ ಹಿಂದಿರುಗುತ್ತಾನೋ, ಪ್ರಬಂಧಕ್ಕೆ ಮಾಹಿತಿಯನ್ನು ತಾನೇ ಸಂಗ್ರಹಿಸುತ್ತಾನೋ ಅಥವಾ ಯಾರೋ ಸಂಗ್ರಹಿಸಿದ್ದನ್ನು ಕಂಪ್ಯೂಟರಿಗೆ ಹಾಕಿ ಕೋಷ್ಟಕ ತೆಗೆಯುತ್ತಾನೋ. ಪಾಠ ಹೇಳುವವರಲ್ಲಿ ಎಷ್ಟು ಜನ ಕಾಯಂ, ಎಷ್ಟು ಜನ ಅತಿಥಿ ಉಪನ್ಯಾಸಕರು ಎಂಬುದನ್ನೂ ಕೇಳಬೇಕು. ಹಿಂದಿನ ಮೂರು ತಂಡಗಳ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂಬ ಪಟ್ಟಿಯನ್ನು ಕೊಡಲು ಹಿಂಜರಿಯುವ ಸಂಸ್ಥೆಯ ಬಗ್ಗೆ ನಾನಾದರೆ ಎರಡು ಸಲ ಯೋಚಿಸುತ್ತೇನೆ.

ನಮ್ಮ ದೇಶದಲ್ಲಿ ಆಯ್ಕೆಗೆ ಬರವಿಲ್ಲ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಷ್ಟು ಹಳೆಯದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದಲೇ ಎಂಪಿಎಚ್ ಇದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ರೋಗ ಎದ್ದ ಕಡೆಗೇ ವಿದ್ಯಾರ್ಥಿಯನ್ನು ಕಳಿಸಿ ಕಲಿಸುವ ಪದ್ಧತಿಗೆ ಹೆಸರಾದವರು. ಮುಂಬೈನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಜಾತಿ, ಬಡತನ, ದುಡಿಮೆಗಳಿಗೂ ರೋಗಕ್ಕೂ ಇರುವ ನಂಟಿನ ಮೇಲೆ ಒತ್ತು ಹೆಚ್ಚು. ಕರ್ನಾಟಕದೊಳಗೆ ಮಣಿಪಾಲ, ಮೈಸೂರು, ಬೆಳಗಾವಿಗಳಲ್ಲಿ ಈ ಓದು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೂ ಇದೆ. ಈ ಕೊನೆಯದನ್ನು ನಮ್ಮ ಭಾಗದವರು ಅಷ್ಟಾಗಿ ಗಮನಿಸಿದಂತಿಲ್ಲ. ಊರಿನ ನೀರು, ಚರಂಡಿ, ಕಸ ಎಲ್ಲವೂ ಪಂಚಾಯಿತಿಯ ಕೈಯಲ್ಲಿರುವಾಗ ಪಂಚಾಯತ್ ರಾಜ್ ಓದುವವರ ಮಗ್ಗುಲಲ್ಲೇ ಕುಳಿತು ಆರೋಗ್ಯವನ್ನು ಓದುವುದರಲ್ಲಿ ಅರ್ಥವಿದೆ ಎಂದು ನನಗನಿಸುತ್ತದೆ. ಎಲ್ಲ ಕಡೆಯೂ ಎಲ್ಲ ಪದವೀಧರರನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅರ್ಹತೆಯನ್ನು ಆಯಾ ಸಂಸ್ಥೆಯ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು, ಏಜೆಂಟರ ಬಾಯಲ್ಲಿ ಅಲ್ಲ.

ಏಜೆಂಟರ ಮಾತು ಬಂತು. ನಮ್ಮ ಹುಡುಗಿ ಸಲಹಾ ಕೇಂದ್ರವೊಂದಕ್ಕೆ ಹೋಗಿದ್ದಳು, ಜೊತೆಗೆ ನಾನೂ ಹೋಗಿದ್ದೆ. ಗಾಜಿನ ಬಾಗಿಲು, ಗೋಡೆಯ ತುಂಬ ಬಾವುಟಗಳು. ಅಲ್ಲಿನ ಯುವಕ ಸಾರ್ವಜನಿಕ ಆರೋಗ್ಯದ ಬಗ್ಗೆ ಒಂದು ಮಾತೂ ಆಡದೆ, ಓದು ಮುಗಿದ ಮೇಲೆ ಎಷ್ಟು ತಿಂಗಳು ಅಲ್ಲಿಯೇ ಉಳಿಯಬಹುದೆಂಬುದನ್ನೇ ಮುಕ್ಕಾಲು ಗಂಟೆ ವಿವರಿಸಿದ. ಅಮೆರಿಕದಲ್ಲಿ ಈ ಓದಿನ ಶಾಲೆಗಳಿಗೆ ಮಾನ್ಯತೆ ನೀಡುವ ಪ್ರತ್ಯೇಕ ಮಂಡಳಿ ಇದೆ. ನೀವು ಹೇಳುವ ವಿಶ್ವವಿದ್ಯಾಲಯಕ್ಕೆ ಆ ಮಾನ್ಯತೆ ಇದೆಯೇ ಎಂದು ಆಕೆ ಕೇಳಿದಾಗ ‘ಅದೆಲ್ಲ ಇರ್ತದೆ ಮೇಡಂ’ ಎಂದ. ಏಳೂವರೆ ಲಕ್ಷ ರೂಪಾಯಿ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ನನ್ನ ತಮ್ಮನಿಗೆ ಇರುವುದು ಚನ್ನಗಿರಿ ಬಳಿಯ ಎರಡೆಕರೆ ಅಡಿಕೆ ತೋಟ. ಕಾಗದಪತ್ರ ತನ್ನಿ, ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎಂದು ಆ ಯುವಕ ಹೇಳಿದ ಧಾಟಿ ನನಗೆ ಈಗಲೂ ಹಿಡಿಸಿಲ್ಲ. ತೋಟ ಅಡವಿಟ್ಟು ವಿದೇಶದಲ್ಲಿ ಓದಿದವಳು ಸಾಲ ತೀರಿಸಲು ಅಲ್ಲಿಯೇ ಯಾವುದೋ ವಿಮಾ ಕಂಪನಿಯಲ್ಲೋ ಔಷಧ ಕಂಪನಿಯಲ್ಲೋ ದುಡಿಯಬೇಕಾಗುತ್ತದೆ. ದುಡಿಯುವುದು ತಪ್ಪಲ್ಲ; ಆದರೆ ಆಕೆ ಹೊರಟಿದ್ದು ಆ ಬೋರಿನ ನೀರಿಗಾಗಿ.

ಹಾಗಾದರೆ ಇಲ್ಲಿಯೇ ಓದಿದರೆ ಕೆಲಸ ಉಂಟೇ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಪೂರ್ಣ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಜಿಲ್ಲಾ ರೋಗ ಸರ್ವೇಕ್ಷಣಾ ಘಟಕದ ಎಪಿಡೆಮಿಯಾಲಜಿಸ್ಟ್ (ರೋಗದ ಹರಡುವಿಕೆ ತಿಳಿದ ತಜ್ಞ) ಹುದ್ದೆಯಂಥವು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲಿವೆ. ವರ್ಷವರ್ಷವೂ ನವೀಕರಣಕ್ಕೆ ಕಾಯಬೇಕು. ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸಿಬ್ಬಂದಿ ವೃಂದವನ್ನು ರಾಜ್ಯಗಳು ರಚಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 2022ರಲ್ಲಿ ಕೇಂದ್ರವು ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ನೆರೆಯ ತಮಿಳುನಾಡಿನಲ್ಲಿ 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ, ಅದಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯವೂ ಇದೆ. ನಮ್ಮ ಸರ್ಕಾರವು ಎಂಪಿಎಚ್ ಪದವೀಧರರಿಗೆ ತಾಲ್ಲೂಕು ಮಟ್ಟದಲ್ಲಿ ಕಾಯಂ ಹುದ್ದೆಗಳನ್ನು ನೀಡದೆ ಹೋದರೆ ನಾವು ಓದಿಸಿದವರನ್ನು ಬೇರೆಯವರು ಕರೆದುಕೊಳ್ಳುತ್ತಾರೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ಇದೆ, ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಇಷ್ಟು ಜನ ಪ್ರತಿವರ್ಷ ಇಲ್ಲಿಂದ ಹೊರಬರುವಾಗ ಅವರಲ್ಲಿ ಹತ್ತು ಮಂದಿಯಾದರೂ ಊರಿನ ಕಡೆ ಮುಖ ಮಾಡುವಂತೆ ಏನಾದರೂ ಆಸೆ ತೋರಿಸಬೇಡವೇ? ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರ ಎದೆಗೂಡನ್ನು ಪರೀಕ್ಷಿಸಲು ವಿದೇಶದಿಂದ ಯಾರೂ ಬರುವುದಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಈ ಓದಿನ ಬಗ್ಗೆ ಬರೆಸುವಾಗ ಶುಲ್ಕ, ಸೀಟುಗಳ ಪಕ್ಕದಲ್ಲಿ ಕ್ಷೇತ್ರಕಾರ್ಯದ ವಾರಗಳೆಷ್ಟು ಎಂಬ ಒಂದು ಕಾಲಂ ಸೇರಿಸಿ. ಈಗಾಗಲೇ ಎಂಪಿಎಚ್ ಮುಗಿಸಿ ನಮ್ಮ ಎರಡು ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿರುವವರು ತಮ್ಮ ಶಾಲೆ ಏನು ಕಲಿಸಿತು, ಏನು ಕಲಿಸಲಿಲ್ಲ ಎಂದು ಇದೇ ಅಂಕಣಕ್ಕೆ ಬರೆದರೆ ಹೊಸಬರಿಗೆ ರ‍್ಯಾಂಕಿಂಗ್ ಪಟ್ಟಿಗಿಂತ ಹೆಚ್ಚಿನ ಉಪಕಾರವಾಗುತ್ತದೆ.

ನಮ್ಮ ಹುಡುಗಿ ನಾಲ್ಕು ಕಡೆಗೆ ಮೇಲಿನ ಪ್ರಶ್ನೆಗಳನ್ನೇ ಬರೆದು ಕಳಿಸಿದ್ದಳು. ಒಂದು ಕಡೆಯಿಂದ ಬಣ್ಣದ ಕೈಪಿಡಿ ಬಂತು. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ನಾಲ್ಕನೆಯ ಕಡೆಯಿಂದ ಪ್ರಾಧ್ಯಾಪಕಿಯೊಬ್ಬರು ಫೋನ್ ಮಾಡಿ, ಶುಲ್ಕದ ಮಾತೆತ್ತದೆ, ‘ನೀವು ಹೇಳಿದ ಆ ಬೋರ್‌ವೆಲ್ಲಿನ ಆಳ ಎಷ್ಟು, ಯಾವ ವರ್ಷ ಕೊರೆಸಿದ್ದು?’ ಎಂದು ಕೇಳಿದರಂತೆ. ಆಕೆಗೆ ಗೊತ್ತಿರಲಿಲ್ಲ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಮೊಳಕಾಲ್ಮುರಿಗೆ ಹೊರಟಿದ್ದಾಳೆ; ಪಂಚಾಯಿತಿಯ ನೀರುಗಂಟಿಗೆ ನಾನು ಹೇಳಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ದಾವಣಗೆರೆ